ಜರ್ಮನಿಯಲ್ಲಿ ‘ಗಿಫ್ಟ್’ ಅಂದ್ರೆ ವಿಷ... ಸರಿ, ಅದರಿಂದೇನೀಗ?

ಈ ಸಂದೇಶ ನಿಮಗೂ ಬಂದೇ ಬಂದಿರುತ್ತೆ. ಮೊದಲು ಈಮೇಲಿನಲ್ಲಿ ನಾಲ್ಕು ಸಲ ಫಾರ್ವರ್ಡ್ ಆಗಿ ಬರುತ್ತಿತ್ತು, ಈಗ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಜೊತೆ ಬರುತ್ತೆ. “ಇಂಗ್ಲಿಷಿನಲ್ಲಿ ಗಿಫ್ಟ್ ಅಂದರೆ ಉಡುಗೊರೆ. ಜರ್ಮನ್ನಿನಲ್ಲಿ ಗಿಫ್ಟ್ ಅಂದರೆ ವಿಷ. ಸ್ವೀಡಿಷಿನಲ್ಲಿ ಗಿಫ್ಟ್ ಅಂದರೆ ಮದುವೆಯಾದವರು!” ಅದರ ಕೆಳಗೆ ಹಲ್ಲು ಕಿರಿಯುವ ನಾಲ್ಕಾರು ಮುಖಗಳು.

ಇಲ್ಲಿಗೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಮೂರೂ ಮಾತು ನಿಜವೇ. ತೊಂದರೆ ಶುರುವಾಗೋದು ಇದರ ಕೆಳಗೆ ಬರುವ ವ್ಯಾಖ್ಯಾನಗಳಿಂದ. ನಮ್ಮಲ್ಲಿ ಮೂರು ಬಗೆಯ ವ್ಯಾಖ್ಯಾನಕಾರರಿದ್ದಾರೆ. ಮೊದಲನೆಯವರು ತತ್ತ್ವಜ್ಞಾನಿಗಳು: “ನೋಡಿ, ಪುಕ್ಕಟೆ ಸಿಕ್ಕಿದ್ದೆಲ್ಲ ವಿಷ ಅಂತ ಜರ್ಮನ್ನರಿಗೆ ಆಗಲೇ ಗೊತ್ತಿತ್ತು.” ಎರಡನೆಯವರು ಹಾಸ್ಯಗಾರರು: “ಸ್ವೀಡನ್ನಿನವರು ಬುದ್ಧಿವಂತರು, ಮದುವೆಗೂ ವಿಷಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ.” ಮೂರನೆಯವರು ಸಂಶೋಧಕರು: “ಪದದ ನಿಜವಾದ ಅರ್ಥ ಅದರ ಮೂಲದಲ್ಲಿರುತ್ತೆ. ಮೂಲ ಹುಡುಕಿದರೆ ಎಲ್ಲವೂ ನಮ್ಮ ಭಾಷೆಯಿಂದಲೇ ಹೋಗಿದ್ದು.” ‘ನಮ್ಮ ಭಾಷೆ’ ಅಂದರೆ ಸಂಸ್ಕೃತವೋ ಅಚ್ಚಗನ್ನಡವೋ ಅನ್ನೋದು ಬರೆದವರು ಯಾವ ಗುಂಪಿನವರು ಅನ್ನೋದರ ಮೇಲೆ ನಿಂತಿದೆ.

ಮೂರೂ ಜನ ಹೇಳೋದು ತಪ್ಪು. ಮೂರನೆಯವರದ್ದಂತೂ ಬರೀ ತಪ್ಪಲ್ಲ, ಕೇಡು. ಅದು ನಮ್ಮ ಕನ್ನಡದ ಬ್ಲಾಗುಗಳಲ್ಲಿ ಎಷ್ಟು ಬೇರೂರಿದೆ ಅಂದರೆ, ಯಾರಾದರೂ ಒಮ್ಮೆ ಕೂತು ಜಗಳ ಆಡಲೇಬೇಕು. ಇವತ್ತು ನಾನೇ ಆಡುತ್ತೇನೆ.

ಒಂದು ಪದ, ನಾಲ್ಕಾರು ಊರು

ಮೊದಲು ಕಥೆಯನ್ನ ಸರಿಯಾಗಿ ಕೇಳಿ. ಫಾರ್ವರ್ಡಿಗಿಂತ ಚೆನ್ನಾಗಿದೆ.

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ನಾರ್ವೇಜಿಯನ್, ಐಸ್‌ಲ್ಯಾಂಡಿಕ್ ಎಲ್ಲ ಒಂದೇ ಕುಟುಂಬದ ನುಡಿಗಳು. ಇವುಗಳ ತಾಯಿನುಡಿಯಲ್ಲಿ ‘ಕೊಡು’ ಅನ್ನೋ ಅರ್ಥದ ಒಂದು ಧಾತು ಇತ್ತು. ಅದರಿಂದಲೇ ಇಂಗ್ಲಿಷಿನ ಗಿವ್, ಜರ್ಮನ್ನಿನ ಗೇಬೆನ್ ಬಂದಿರೋದು. ಆ ‘ಕೊಡು’ವಿನಿಂದ ಆದ ನಾಮಪದವೇ ಗಿಫ್ಟ್. ನಮ್ಮಲ್ಲಿ ಕೊಡು ಅನ್ನೋದರಿಂದ ಕೊಡುಗೆ ಆದ ಹಾಗೆ. ಅಲ್ಲಿಂದ ಮುಂದೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು.

ಇಂಗ್ಲೆಂಡ್: ಹಳೆಯ ಇಂಗ್ಲಿಷಿನಲ್ಲಿ ಈ ಪದ ಇತ್ತು, ಆದರೆ ಉಡುಗೊರೆ ಅನ್ನೋ ಅರ್ಥದಲ್ಲಲ್ಲ. ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ತೆರ, ಅಂದರೆ ವಧುದಕ್ಷಿಣೆ, ಆಗಿನ ಅರ್ಥ. ಬಹುವಚನದಲ್ಲಿ ಹೇಳಿದರೆ ‘ಮದುವೆ’. ಉಚ್ಚಾರ ಕೂಡ ಗಿಫ್ಟ್ ಅಲ್ಲ, ‘ಯಿಫ್ಟ್’ ಅನ್ನೋ ಹಾಗೆ. ಈಗಿನ ಗಟ್ಟಿ ‘ಗ’ಕಾರವನ್ನೂ ಉಡುಗೊರೆ ಅನ್ನೋ ಅರ್ಥವನ್ನೂ ತಂದವರು ಉತ್ತರದಿಂದ ಬಂದ ವೈಕಿಂಗರು. ಒಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆ ನಿಂತ ಅವರ ನಾರ್ಸ್ ಭಾಷೆಯಿಂದ ಸ್ಕೈ, ಎಗ್ ಇತ್ಯಾದಿ ಎಷ್ಟೋ ದಿನಬಳಕೆಯ ಪದಗಳು ಇಂಗ್ಲಿಷಿಗೆ ಸೇರಿದವು. ಎಗ್‌ನ ಕಥೆಯಂತೂ ಬಲು ಮಜಾ. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತಾನು ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಇದನ್ನ ಬರೆದಿದ್ದಾನೆ. ಥೇಮ್ಸ್ ನದಿಯಲ್ಲಿ ಹೊರಟಿದ್ದ ಕೆಲವು ವರ್ತಕರು ದಡಕ್ಕಿಳಿದು ಒಂದು ಮನೆಯಲ್ಲಿ ‘ಎಗ್’ ಕೇಳುತ್ತಾರೆ. ಮನೆಯಾಕೆ ತನಗೆ ಫ್ರೆಂಚ್ ಬರೋಲ್ಲ ಅಂತಾಳೆ! ಕೇಳಿದವನಿಗೂ ಫ್ರೆಂಚ್ ಬರೋಲ್ಲ, ಅವನಿಗೆ ಸಿಟ್ಟು. ಕೊನೆಗೆ ಇನ್ನೊಬ್ಬ ‘ಐರೆನ್’ ಅಂತ ಹಳೆಯ ಇಂಗ್ಲಿಷ್ ಪದ ಬಳಸಿದ ಮೇಲೆ ಆಕೆಗೆ ಗೊತ್ತಾಗುತ್ತೆ. ಒಂದೇ ದೇಶ, ಒಂದೇ ಭಾಷೆ, ಮೊಟ್ಟೆ ಕೇಳೋಕೂ ಪರದಾಟ.

ಜರ್ಮನಿ: ಇಲ್ಲಿ ಮೊದಲು ಗಿಫ್ಟ್ ಅಂದರೆ ‘ಕೊಡುವುದು, ಕೊಟ್ಟದ್ದು’ ಅಂತಲೇ ಇತ್ತು. ವಿಷ ಎಲ್ಲಿಂದ ಬಂತು? ವೈದ್ಯರಿಂದ. ಗ್ರೀಕಿನಲ್ಲಿ ‘ಕೊಡುವಿಕೆ’ಗೆ ದೋಸಿಸ್ ಅಂತಾರೆ. ವೈದ್ಯರು ಒಂದು ಸಲಕ್ಕೆ ಎಷ್ಟು ಔಷಧಿ ಕೊಡಬೇಕು ಅನ್ನೋದಕ್ಕೆ ಅದೇ ಪದ ಬಳಸಿದರು. ಇವತ್ತಿಗೂ ನಾವು ಡೋಸ್ ಅನ್ನೋದು ಅದನ್ನೇ. ಲ್ಯಾಟಿನ್ನಿಗೆ ಬಂದ ದೋಸಿಸ್ ಪದವನ್ನ ವಿಷದ ವಿಷಯಕ್ಕೂ ಮೆಲ್ಲಗೆ ಬಳಸತೊಡಗಿದರು. ಜರ್ಮನ್ನರು ಆ ಬಳಕೆಯನ್ನ ತಮ್ಮ ಪದಕ್ಕೆ ಹೊಂದಿಸಿಕೊಂಡರು. ‘ವಿಷ’ ಅಂತ ಬಾಯಿಬಿಟ್ಟು ಹೇಳೋಕೆ ಹಿಂಜರಿಕೆ, ಅದಕ್ಕೇ ‘ಕೊಟ್ಟದ್ದು’. ನಾವು ಸಾವನ್ನ ‘ತೀರಿಕೊಂಡರು’, ‘ಹೋಗಿಬಿಟ್ಟರು’ ಅನ್ನೋಲ್ವಾ, ಹಾಗೆ. ಕಾಲ ಕಳೆದ ಹಾಗೆ ಮರೆಮಾಚಲು ತಂದ ಅರ್ಥವೇ ಮುಖ್ಯವಾಗಿ ಹಳೆಯದು ಜಾಗ ಖಾಲಿ ಮಾಡಿತು. ಆದರೂ ಒಂದು ಮೂಲೆಯಲ್ಲಿ ಅದು ಉಳಿದಿದೆ: ಜರ್ಮನ್ನಿನ ‘ಮಿಟ್‌ಗಿಫ್ಟ್’. ಅಂದರೆ ಹೆಣ್ಣಿನ ಜೊತೆ ಕೊಟ್ಟು ಕಳಿಸೋದು, ನಮ್ಮ ವರದಕ್ಷಿಣೆ. ಇದರಲ್ಲಿ ವಿಷ ಇಲ್ಲ, ಬರೀ ‘ಜೊತೆಗೆ ಕೊಟ್ಟದ್ದು’.

ಹಾಲೆಂಡ್: ಡಚ್ಚರು ಮಧ್ಯದಲ್ಲಿ ನಿಂತಿದ್ದಾರೆ. ಅವರಲ್ಲಿ ಗಿಫ್ಟ್ ಅಂದರೆ ಇವತ್ತಿಗೂ ದಾನ, ದೇಣಿಗೆ. ವಿಷಕ್ಕೆ ‘ಗಿಫ್’ ಅಥವಾ ‘ವೆರ್‌ಗಿಫ್’ ಅಂತ ಬಾಲ ಕತ್ತರಿಸಿ, ಇಲ್ಲವೇ ತಲೆ ಅಂಟಿಸಿ ಬೇರೆ ಮಾಡಿಕೊಂಡಿದ್ದಾರೆ. ಜಾಣರು.

ಸ್ವೀಡನ್, ಡೆನ್ಮಾರ್ಕ್, ನಾರ್ವೆ: ಇಲ್ಲಿ ಗಿಫ್ಟ್ ಅಂದರೆ ಮದುವೆಯಾದವರು, ಗಿಫ್ಟ್ ಅಂದರೆ ವಿಷ ಕೂಡ. ಆದರೆ ಇವು ಒಂದೇ ಪದದ ಎರಡು ಅರ್ಥಗಳಲ್ಲ, ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಪದಗಳು. ಮದುವೆಯದ್ದು ಮನೆಯದ್ದೇ ಪದ: ‘ಕೊಡಲ್ಪಟ್ಟ’, ಅಂದರೆ ಮದುವೆ ಮಾಡಿ ಕೊಟ್ಟ. ವಿಷದ್ದು ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಹಾನ್ಸಿಯಾಟಿಕ್ ವರ್ತಕರ ಮಾತಿನಿಂದ ಬಂದದ್ದು. ಒಂದೇ ಮನೆತನದ ಇಬ್ಬರು ದಾಯಾದಿಗಳು. ಒಬ್ಬ ಊರಲ್ಲೇ ಇದ್ದ, ಇನ್ನೊಬ್ಬ ಪರದೇಶಕ್ಕೆ ಹೋಗಿ ಬೇರೆ ಕಸುಬು ಕಲಿತು ವಾಪಸ್ ಬಂದು ಪಕ್ಕದ ಮನೆಯಲ್ಲಿ ಕೂತ. ಹೆಸರು ಒಂದೇ, ಅಷ್ಟೆ. ಇನ್ನೊಂದು ವಿಷಯ, ಸ್ವೀಡಿಷಿನಲ್ಲಿ ಇದನ್ನ ‘ಗಿಫ್ಟ್’ ಅಂತ ಓದೋದೇ ಇಲ್ಲ, ‘ಯಿಫ್ಟ್’ ಅಂತಾರೆ. ಫಾರ್ವರ್ಡ್ ಮಾಡುವವರು ಕಾಗದದ ಮೇಲಿನ ಅಕ್ಷರ ನೋಡಿ ನಗುತ್ತಿದ್ದಾರೆ, ಅಲ್ಲಿನವರ ಬಾಯಿಂದ ಬರೋದನ್ನ ಕೇಳಿ ಅಲ್ಲ.

ಐಸ್‌ಲ್ಯಾಂಡ್: ಇಲ್ಲಿ ‘ಗಿಫ್ತಾ’ ಅಂದರೆ ಒಳ್ಳೆಯ ಅದೃಷ್ಟ! ‘ಮದುವೆ ಮಾಡಿಕೊಡು’ ಅಂತಲೂ ಆಗುತ್ತೆ. ವಿಷಕ್ಕೆ ಬೇರೆಯೇ ಪದ ಇದೆ. ನಮ್ಮ ಫಾರ್ವರ್ಡಿನವರಿಗೆ ಈ ಐಸ್‌ಲ್ಯಾಂಡ್ ಯಾಕೋ ನೆನಪಾಗೋದೇ ಇಲ್ಲ. ಮದುವೆ ಮತ್ತು ಅದೃಷ್ಟ ಅಂದರೆ ಜೋಕ್ ಆಗೋಲ್ಲ ನೋಡಿ :)

ಜೋಕ್ ಯಾರ ಮೇಲೆ?

ಮದುವೆ ಮತ್ತು ವಿಷದ ಜೋಕಿಗೆ ನಗುವ ಮೊದಲು ಒಂದು ನಿಮಿಷ. ಸ್ವೀಡಿಷ್ ಪದ ಹುಟ್ಟಿದ್ದು ಗಂಡಸರ ಗೋಳಿನಿಂದ ಅಲ್ಲ. ಹೆಣ್ಣನ್ನ ‘ಕೊಡುವ’ ಪದ್ಧತಿಯಿಂದ. ಸ್ವೀಡನ್ನಿನ 1734ರ ಕಾನೂನು ಸಂಹಿತೆಯಲ್ಲಿ ಮದುವೆಗೇ ಒಂದು ಭಾಗ ಇತ್ತು. ಅದರಲ್ಲಿ ‘ಯಿಫ್ಟೂಮನ್’ ಅನ್ನೋ ವ್ಯಕ್ತಿ ಬರುತ್ತಾನೆ. ಹೆಣ್ಣನ್ನ ಮದುವೆ ಮಾಡಿ ಕೊಡುವ ಹಕ್ಕಿದ್ದ ಗಂಡಸು, ಸಾಮಾನ್ಯವಾಗಿ ಅಪ್ಪ, ಅವನಿಲ್ಲದಿದ್ದರೆ ಬೇರೆ ಹತ್ತಿರದವರು. ಅಂದರೆ ಕೊಡುವವನು ಗಂಡಸು, ತಗೊಳ್ಳುವವನೂ ಗಂಡಸು, ನಡುವೆ ‘ಗಿಫ್ಟ್’ ಆದವಳು ಅವಳು. ಸುಮಾರು ಮೂರು ಶತಮಾನದ ನಂತರ ಇದನ್ನೇ ಹಿಡಿದು ಗಂಡಸು ತನ್ನ ಕಷ್ಟದ ಜೋಕ್ ಮಾಡಿಕೊಳ್ತಾನೆ!

ನಾವೇನು ಕಮ್ಮಿ ಇಲ್ಲ. “ಮಗಳನ್ನ ಎಲ್ಲಿಗೆ ಕೊಟ್ರಿ?” “ಶಿರಸಿ ಕಡೆ ಕೊಟ್ವಿ.” “ಅವರ ಮನೆಯಿಂದ ಹೆಣ್ಣು ತಂದ್ವಿ.” ಇದನ್ನ ನಾವು ದಿನಾ ಆಡ್ತೀವಿ, ಪಾತ್ರೆ ಪಗಡೆಯ ಮಾತಿನ ಹಾಗೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋ ಗಾದೆ ಬೇರೆ. ಕನ್ಯಾದಾನ ಅನ್ನೋ ಪದದಲ್ಲಂತೂ ಗಿಫ್ಟ್ ನೇರವಾಗಿಯೇ ಕೂತಿದೆ. ಸ್ವೀಡಿಷರ ಪದ ನೋಡಿ ಆಶ್ಚರ್ಯಪಡುವ ಕನ್ನಡಿಗ ತನ್ನ ಮನೆಯ ಲಗ್ನಪತ್ರಿಕೆಯನ್ನ ಸರಿಯಾಗಿ ಓದಿಲ್ಲ ಅಂತ ಅರ್ಥ.

ಜರ್ಮನ್ನರ ಔಷಧಿ-ವಿಷದ ಆಟವೂ ನಮಗೆ ಹೊಸದಲ್ಲ. ನಮ್ಮ ‘ಮದ್ದು’ ನೋಡಿ. ಜ್ವರಕ್ಕೆ ಮದ್ದು ಕುಡೀತೀವಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಸೇರಿಸಿದ ಮದ್ದು ಹೊಡೀತೀವಿ. ತುಪಾಕಿಗೆ ತುಂಬೋದೂ ಮದ್ದೇ. “ಅವನಿಗೆ ಯಾರೋ ಮದ್ದು ಹಾಕಿದ್ದಾರೆ” ಅಂದರೆ ಅದು ಖಂಡಿತ ಜ್ವರದ ಮದ್ದಲ್ಲ, ಊಟದಲ್ಲಿ ಗುಟ್ಟಾಗಿ ಬೆರೆಸಿದ್ದು. ಗ್ರೀಕರ ‘ಫಾರ್ಮಕಾನ್’ ಕೂಡ ಹೀಗೇ, ಔಷಧಿಯೂ ಹೌದು ವಿಷವೂ ಹೌದು. ನಮ್ಮ ಬೀದಿಯ ಫಾರ್ಮಸಿಯ ಬೋರ್ಡಿನಲ್ಲಿರೋದು ಅದೇ ಪದದ ಸಂತತಿ. ಹೀಗಿರೋದರಿಂದ ಜರ್ಮನ್ನರ ಬಗ್ಗೆ ತತ್ತ್ವಜ್ಞಾನ ಹೊಸೆಯುವ ಅಗತ್ಯ ಇಲ್ಲ. ಕೊಟ್ಟ ಮದ್ದು ಹೆಚ್ಚಾದರೆ ವಿಷ ಅನ್ನೋದು ಎಲ್ಲ ಊರಿನ ಅನುಭವ. ಪುಕ್ಕಟೆಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಮೊದಲ ಕಾಯಿಲೆ: ಕಂಡರೆ ನೆಂಟರು

ಈಗ ನನ್ನ ನಿಜವಾದ ಜಗಳಕ್ಕೆ ಬರ್ತೀನಿ. ‘ಸಂಶೋಧಕ’ರ ಮೊದಲ ಕಾಯಿಲೆ, ಎರಡು ಪದ ಕೇಳೋಕೆ ಒಂದೇ ಥರ ಇದ್ದರೆ ನೆಂಟರು ಅಂತ ತೀರ್ಮಾನ ಮಾಡೋದು. ಪಿ.ಎನ್. ಓಕ್ ಅನ್ನೋ ಲೇಖಕರು ವ್ಯಾಟಿಕನ್ ಅನ್ನೋದು ವಾಟಿಕಾ, ಕ್ರಿಶ್ಚಿಯಾನಿಟಿ ಅನ್ನೋದು ಕೃಷ್ಣನೀತಿ ಅಂತ ಪುಸ್ತಕಗಳನ್ನೇ ಬರೆದರು. ಅವರು 2007ರಲ್ಲಿ ತೀರಿಕೊಂಡರೂ ಅವರ ಶಿಷ್ಯಕೋಟಿ ಅಂತರ್ಜಾಲದಲ್ಲಿ ಆರೋಗ್ಯವಾಗಿದೆ. ಇನ್ನೊಂದು ಕಡೆಯಿಂದ ದ್ರಾವಿಡದವರು: “ಮಲಯಾಳಂ ಒನ್ನು, ಇಂಗ್ಲಿಷ್ ಒನ್, ಗೊತ್ತಾಯ್ತಾ?”

ಗೊತ್ತಾಗಲಿಲ್ಲ ಸ್ವಾಮಿ. ಇಂಗ್ಲಿಷಿನ ‘ಒನ್’ ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಅಂತಿತ್ತು. ಅದರ ಅಣ್ಣತಮ್ಮಂದಿರು ಜರ್ಮನ್ನಿನ ಐನ್, ಲ್ಯಾಟಿನ್ನಿನ ಊನುಸ್. ಶುರುವಿನ ‘ವ’ಕಾರದ ಉಚ್ಚಾರ ಆಮೇಲೆ ಬಂದದ್ದು. ಇವತ್ತಿನ ಎರಡು ಪದ ಇವತ್ತು ಒಂದೇ ಥರ ಕೇಳಿಸುತ್ತವೆ ಅಷ್ಟೆ, ಹಿಂದಕ್ಕೆ ಹೋದ ಹಾಗೆ ದೂರ ಆಗುತ್ತವೆ. ನಿಜವಾದ ನೆಂಟರು ಹಿಂದೆ ಹೋದ ಹಾಗೆ ಹತ್ತಿರ ಆಗಬೇಕು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂಬಬರಂ ಅನ್ನೋ ಭಾಷೆಯಲ್ಲಿ ನಾಯಿಗೆ ‘ಡಾಗ್’ ಅಂತಲೇ ಹೇಳುತ್ತಿದ್ದರು. ಭಾಷಾವಿಜ್ಞಾನಿ ಆರ್.ಎಂ.ಡಬ್ಲ್ಯೂ. ಡಿಕ್ಸನ್ ದಾಖಲಿಸಿದ ಪದ ಇದು, ಇಂಗ್ಲಿಷಿನಿಂದ ಬಂದದ್ದಲ್ಲ. ಪಕ್ಕದ ಭಾಷೆಗಳ ‘ಗುದಗ’ ಅನ್ನೋ ಥರದ ಪದ ಸವೆದು ಸವೆದು ಹಾಗಾಗಿದ್ದು. ಬರೀ ಕಾಕತಾಳೀಯ. ಪರ್ಷಿಯನ್ನಿನ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಕೆಟ್ಟದ್ದು ಅಂತಲೇ ಅರ್ಥ, ಅದೂ ಕಾಕತಾಳೀಯವೇ.

ಹಾಗಾದರೆ ನೆಂಟಸ್ತಿಕೆ ಗೊತ್ತಾಗೋದು ಹೇಗೆ? ಕನ್ನಡಿಗರಿಗೆ ಇದನ್ನ ವಿವರಿಸೋದು ಸುಲಭ, ಯಾಕಂದ್ರೆ ನಮ್ಮ ಮನೆಯಲ್ಲೇ ಉದಾಹರಣೆ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು. ಒಂದಲ್ಲ ಎರಡಲ್ಲ, ಸಾಲುಸಾಲಾಗಿ. ತಮಿಳಿನಲ್ಲಿ ಪಕಾರ ಉಳಿಯಿತು, ನಮ್ಮಲ್ಲಿ ಹಕಾರ ಆಯಿತು. ಈ ‘ಸಾಲುಸಾಲಾಗಿ’ ಅನ್ನೋದೇ ಇಡೀ ಶಾಸ್ತ್ರದ ಜೀವ. ಜರ್ಮನಿಕ್ ಭಾಷೆಗಳಲ್ಲೂ ಹೀಗೇ ಪಕಾರ ‘ಫ’ ಆಯಿತು: ಪಿತೃ, ಪಾತೆರ್, ಫಾದರ್, ಪಾದ, ಪೆದ್, ಫುಟ್. ದಕಾರ ‘ಟ’ ಆಯಿತು: ದ್ವಿ, ಟೂ; ದಶ, ಟೆನ್; ದಂತ, ಟೂತ್. ಕಕಾರ ‘ಹ’ ಆಯಿತು: ಲ್ಯಾಟಿನ್ನಿನ ಕೆಂತುಮ್, ಇಂಗ್ಲಿಷಿನ ಹಂಡ್ರೆಡ್; ಕೋರ್ನು, ಹಾರ್ನ್. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ ಇದನ್ನ ಗುರುತಿಸಿದ, ಜರ್ಮನಿಯ ಯಾಕೊಬ್ ಗ್ರಿಮ್ 1822ರಲ್ಲಿ ನಿಯಮವಾಗಿ ಬರೆದಿಟ್ಟ. ಹೌದು, ಅದೇ ಅಜ್ಜಿಕಥೆಗಳ ಗ್ರಿಮ್ ಸೋದರರಲ್ಲಿ ಒಬ್ಬ.

ಈ ನಿಯಮ ಹಿಡಿದು ನೋಡಿದರೆ ಆಗುವ ಮಜಾ ನೋಡಿ. ಇಂಗ್ಲಿಷಿನಲ್ಲಿ ಹ್ಯಾವ್, ಲ್ಯಾಟಿನ್ನಿನಲ್ಲಿ ಹಬೇರೆ. ಎರಡಕ್ಕೂ ‘ಹೊಂದಿರು’ ಅಂತಲೇ ಅರ್ಥ, ಶುರುವಿನಲ್ಲಿ ಎರಡಕ್ಕೂ ಹಕಾರ. ಫಾರ್ವರ್ಡ್ ಮಾಡುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಆದರೆ ನೆಂಟರಲ್ಲ! ಇಂಗ್ಲಿಷಿನ ಹಕಾರ ಬಂದದ್ದು ಕಕಾರದಿಂದ, ಹಾಗಾಗಿ ಹ್ಯಾವ್‌ನ ನಿಜವಾದ ನೆಂಟ ಲ್ಯಾಟಿನ್ನಿನ ಕಾಪೆರೆ, ಅಂದರೆ ಹಿಡಿ. ಹಬೇರೆಯ ನೆಂಟ ಯಾರು ಗೊತ್ತಾ? ಗಿವ್, ಅಂದರೆ ನಮ್ಮ ಗಿಫ್ಟ್! ಒಬ್ಬರ ಹತ್ತಿರ ‘ಕೊಡು’ ಆದದ್ದು ಇನ್ನೊಬ್ಬರ ಹತ್ತಿರ ‘ಇಟ್ಟುಕೋ’ ಆಗಿದೆ. ದೇವರ ವಿಷಯದಲ್ಲೂ ಹೀಗೇ. ಲ್ಯಾಟಿನ್ನಿನ ದೇಉಸ್ ನಮ್ಮ ದೇವನ ನೆಂಟ ನಿಜ. ಗ್ರೀಕಿನ ಥೆಯೋಸ್ ಅಲ್ಲ, ಅರ್ಥ ಒಂದೇ ಆದರೂ, ಧ್ವನಿ ಹತ್ತಿರವಿದ್ದರೂ.

ಕಂಡದ್ದು ನೆಂಟನಲ್ಲ, ಕಾಣದ್ದು ನೆಂಟ. ಸಂಸ್ಕೃತದ ಚಕ್ರ, ಗ್ರೀಕಿನ ಕುಕ್ಲೋಸ್, ಇಂಗ್ಲಿಷಿನ ವೀಲ್ ಮೂರೂ ಒಂದೇ ಬೇರಿನವು. ನೋಡಿದರೆ ಯಾರಾದರೂ ನಂಬ್ತಾರಾ?

ನಮ್ಮ ನಾಡಿಗೆ ಇದೇನೂ ಪರದೇಶದ ವಿದ್ಯೆಯಲ್ಲ. ಮದ್ರಾಸಿನಲ್ಲಿ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ತೆಲುಗು, ತಮಿಳು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಕುಟುಂಬ ಅಂತ ತೋರಿಸಿದ್ದು ಧಾತುಗಳನ್ನ ಸಾಲುಸಾಲಾಗಿ ಹೋಲಿಸಿ. ಇವತ್ತು ಕನ್ನಡ ಸ್ವತಂತ್ರ ನುಡಿ ಅಂತ ನಾವು ಎದೆ ತಟ್ಟಿಕೊಳ್ಳೋದು ಈ ಶಾಸ್ತ್ರದ ಬಲದಿಂದ. ನಮಗೆ ಬೇಕಾದಾಗ ಈ ಶಾಸ್ತ್ರ ಇಟ್ಟುಕೊಂಡು, ‘ಒನ್ನು-ಒನ್’ಗೆ ಬಂದಾಗ ಅದನ್ನ ಕಿಟಕಿಯಿಂದ ಎಸೆಯೋದು ಯಾವ ನ್ಯಾಯ? ಸುಳ್ಳು ನೆಂಟಸ್ತಿಕೆಯಿಂದ ಕನ್ನಡದ ಗೌರವ ಹೆಚ್ಚೋಲ್ಲ. ನಿಜವಾದ ಸಂಬಂಧ ಹೇಳಿದಾಗಲೂ ಜನ ನಂಬದ ಹಾಗಾಗುತ್ತೆ. ಇಂಗ್ಲಿಷಿನ ‘ಅರೆಕಾ’ ನಮ್ಮ ಕರಾವಳಿಯ ಅಡಿಕೆ, ಅಡಕ್ಕೆಯಿಂದಲೇ ಹೋಗಿದ್ದು. ಒಯ್ದವರು ಪೋರ್ಚುಗೀಸರು. ಹಡಗು ಗೊತ್ತು, ದಾರಿ ಗೊತ್ತು, ಸರಕೂ ಗೊತ್ತು. ಇದು ಸಾಕ್ಷಿ ಇರುವ ಹೆಮ್ಮೆ.

ಎರಡನೇ ಕಾಯಿಲೆ: ಬೇರೇ ಅರ್ಥ

ಇದು ಇನ್ನೂ ಕೆಟ್ಟದ್ದು, ಯಾಕಂದ್ರೆ ಇದರಿಂದ ಪೆಟ್ಟು ತಿನ್ನೋದು ಮನುಷ್ಯರು.

ಹೊಸದಾಗಿ ಬ್ಲಾಗ್ ಶುರು ಮಾಡಿದ ಒಬ್ಬ ಹುಡುಗಿ ತನ್ನ ಅಡುಗೆಮನೆಯ ಅವಾಂತರದ ಬಗ್ಗೆ ಚೆಂದದ ಬರಹ ಬರೆದಿದ್ದಳು. ನಾನು ನಗುತ್ತಾ ಓದಿದೆ. ಕೆಳಗೆ ಕಾಮೆಂಟುಗಳಲ್ಲಿ ಮೂರು ಜನ ಹಿರಿಯರು ಅವಳ ಮೇಲೆ ಬಿದ್ದಿದ್ದರು. ‘ಅವಾಂತರ’ ಅಂದರೆ ಸಂಸ್ಕೃತದಲ್ಲಿ ‘ಒಳಗಿನ, ನಡುವಿನ’ ಅಂತ, ಅನಾಹುತ ಅಂತ ಬಳಸೋದು ಅಜ್ಞಾನ, ಪದದ ಮೂಲ ತಿಳಿಯದವರು ಬರೆಯಬಾರದು, ಹೀಗೆ. ಅವಳು ಇನ್ನೆರಡು ಬರಹ ಹಾಕಿದಳು, ಆಮೇಲೆ ನಿಲ್ಲಿಸಿದಳು. ಕನ್ನಡದಲ್ಲಿ ಬರೆಯುವವರು ಸಿಗೋಲ್ಲ ಅಂತ ಗೋಳಾಡುವವರೂ ಅದೇ ಹಿರಿಯರು!

ಅವಳು ಬರೆದದ್ದು ನೂರಕ್ಕೆ ನೂರು ಸರಿಯಾದ ಕನ್ನಡ. ಅವಳ ಅಮ್ಮನಿಗೆ, ಅಜ್ಜಿಗೆ, ನಿಮಗೆ, ನನಗೆ, ಬೈದ ಆ ಮೂರು ಜನಕ್ಕೂ ಅರ್ಥವಾಗುವ ಕನ್ನಡ.

ಬೇರೇ ನಿಜವಾದ ಅರ್ಥ ಅನ್ನೋದಾದರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ನೋಡಿ. ಇಂಗ್ಲಿಷಿನ ‘ನೈಸ್’ ಬಂದದ್ದು ಲ್ಯಾಟಿನ್ನಿನ ನೆಸ್ಕಿಯುಸ್‌ನಿಂದ, ಅಂದರೆ ಏನೂ ತಿಳಿಯದವನು. ಇನ್ನು ಮೇಲೆ ಯಾರಾದರೂ ನಿಮ್ಮ ಬರಹಕ್ಕೆ ‘ನೈಸ್’ ಅಂತ ಕಾಮೆಂಟ್ ಹಾಕಿದರೆ ಜಗಳಕ್ಕೆ ಹೋಗಿ. ಇಂಗ್ಲಿಷಿನ ಪಾಯ್ಸನ್ ಬಂದದ್ದು ಲ್ಯಾಟಿನ್ನಿನ ಪೋತಿಯೋದಿಂದ, ಅಂದರೆ ‘ಕುಡಿಯುವುದು’. ಇಂಗ್ಲಿಷಿನ ಪೋಷನ್ ಕೂಡ ಅದೇ ಪದ. ಆ ಪೋತಿಯೋದ ಧಾತುವೂ ಸಂಸ್ಕೃತದ ಪಾನದ ಧಾತುವೂ ಒಂದೇ. ಲ್ಯಾಟಿನ್ನಿನ ಓಕಾರಕ್ಕೆ ಸಂಸ್ಕೃತದ ಆಕಾರ, ದೋನುಮ್‌ಗೆ ದಾನ ಇದ್ದ ಹಾಗೆಯೇ. ಇದು ಕಾಕತಾಳೀಯವಲ್ಲ, ಸಾಲಿನಲ್ಲಿ ಕೂರುವ ನಿಜವಾದ ನೆಂಟಸ್ತಿಕೆ. ಹಾಗಾಗಿ ಪಾಯ್ಸನ್‌ಗೂ ರಾಮನವಮಿಯ ಪಾನಕಕ್ಕೂ ಬೇರು ಒಂದೇ. ಈಗ ಹೇಳಿ, ಬೇರೇ ಅರ್ಥ ಅನ್ನೋರು ಮುಂದಿನ ರಾಮನವಮಿಗೆ ಏನು ಕುಡೀತಾರೆ?

ಗಿಫ್ಟ್‌ನ ವಿಷಯವನ್ನೇ ತಗೊಳ್ಳಿ. ಒಬ್ಬ ಜರ್ಮನ್ ಮಗುವಿನ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಡಬ್ಬಿ ಕೊಟ್ಟು, ಮೇಲೆ ದೊಡ್ಡದಾಗಿ ‘ಗಿಫ್ಟ್’ ಅಂತ ಬರೆಯುತ್ತಾನೆ ಅಂದುಕೊಳ್ಳಿ. ಮೂಲ ಅವನ ಕಡೆಗಿದೆ, ಹಳೆಯ ಜರ್ಮನ್ ಅವನ ಕಡೆಗಿದೆ. ಆದರೂ ಮಗುವಿನ ಅಮ್ಮ ಆ ಡಬ್ಬಿಯನ್ನ ಕಿತ್ತು ಎಸೆಯುತ್ತಾಳೆ. ಅವಳು ಸರಿ, ಅವನು ತಪ್ಪು. ಪದದ ಅರ್ಥವನ್ನ ತೀರ್ಮಾನ ಮಾಡೋರು ಈಗ ಆ ಮಾತನ್ನ ಆಡುವ ಜನ, ಸಾವಿರ ವರ್ಷದ ಹಿಂದೆ ಸತ್ತವರಲ್ಲ. ಹಾಗೇ ಒಬ್ಬ ಸ್ವೀಡಿಷ್ ಹೆಂಗಸು “ನಾನು ಗಿಫ್ಟ್” ಅಂದಾಗ ತನ್ನನ್ನ ಯಾರೋ ದಾನ ಕೊಟ್ಟರು ಅಂತ ಹೇಳ್ತಾ ಇಲ್ಲ. ಅವಳ ಗಂಡನೂ “ನಾನು ಗಿಫ್ಟ್” ಅಂತಲೇ ಹೇಳೋದು. ಆ ಪದ್ಧತಿ ಹೋಯಿತು, ಪದ ಉಳಿಯಿತು, ಅರ್ಥ ಹೊಸದಾಯಿತು.

ನಮ್ಮ ದೇಶದಲ್ಲಿ ಇದು ದಿನನಿತ್ಯದ ಅನುಭವ. ‘ಅವಸರ’ ಅಂದರೆ ಸಂಸ್ಕೃತದಲ್ಲಿ ಸಂದರ್ಭ, ಹಿಂದಿಯಲ್ಲಿ ಅವಕಾಶ, ತೆಲುಗಿನಲ್ಲಿ ಅಗತ್ಯ, ನಮಗೆ ಗಡಿಬಿಡಿ. ‘ಉಪನ್ಯಾಸ’ ಹಿಂದಿಯವರಿಗೆ ಕಾದಂಬರಿ, ನಮಗೆ ಭಾಷಣ (ಕೆಲವು ಉಪನ್ಯಾಸಗಳು ಕಾದಂಬರಿಯಷ್ಟೇ ಉದ್ದ, ಅದು ಬೇರೆ ಮಾತು). ‘ಚೇಷ್ಟೆ’ ಬಂಗಾಳಿಗಳಿಗೆ ಪ್ರಯತ್ನ, ನಮಗೆ ಕಿತಾಪತಿ. ‘ಅನುಮಾನ’ ಹಿಂದಿಯವರಿಗೆ ಅಂದಾಜು, ನಮಗೆ ಸಂಶಯ. ‘ಶಿಕ್ಷೆ’ಯಂತೂ ಹಿಂದಿಯಲ್ಲಿ ವಿದ್ಯೆ, ಕನ್ನಡದಲ್ಲಿ ದಂಡನೆ. ನಮ್ಮ ಹಳೇ ಶಾಲೆಗಳನ್ನ ನೆನೆಸಿಕೊಂಡರೆ ಎರಡರ ನಡುವಿನ ದಾರಿ ಬಹಳ ದೂರದ್ದೇನಲ್ಲ :) ಇವುಗಳಲ್ಲಿ ಯಾವುದು ‘ಸರಿ’? ಎಲ್ಲವೂ ಸರಿ, ಅವರವರ ಮನೆಯಲ್ಲಿ. ಗಿಫ್ಟ್ ಲಂಡನ್ನಿನಲ್ಲಿ ಉಡುಗೊರೆ, ಬರ್ಲಿನ್ನಿನಲ್ಲಿ ವಿಷ, ಸ್ಟಾಕ್‌ಹೋಮಿನಲ್ಲಿ ಮದುವೆ ಆಗಿರೋದನ್ನ ಖುಷಿಯಿಂದ ಒಪ್ಪಿಕೊಳ್ಳುವ ನಾವು, ‘ಅವಾಂತರ’ಕ್ಕೆ ಕನ್ನಡದಲ್ಲಿ ಕನ್ನಡದ ಅರ್ಥ ಇರೋದನ್ನ ಯಾಕೆ ಒಪ್ಪೋಲ್ಲ?

ಅಚ್ಚಗನ್ನಡದ ಗೆಳೆಯರೇ, ನೀವು ನಗಬೇಡಿ. ಪದವೊಂದು ಸಂಸ್ಕೃತದಿಂದಲೋ ಪರ್ಷಿಯನ್ನಿನಿಂದಲೋ ಬಂತು ಅನ್ನೋ ಒಂದೇ ಕಾರಣಕ್ಕೆ “ಇದು ಕನ್ನಡವಲ್ಲ, ತೆಗೀರಿ” ಅನ್ನೋದೂ ಅದೇ ಕಾಯಿಲೆ, ಬಣ್ಣ ಬೇರೆ. ಹೊಸ ಪದ ಕಟ್ಟಿ, ಖಂಡಿತ ಕಟ್ಟಿ, ನನಗೂ ಇಷ್ಟ. ಆದರೆ ಗಿಫ್ಟ್‌ನ ಉಚ್ಚಾರವೂ ಅರ್ಥವೂ ಹೊರಗಿನಿಂದ ಬಂದವು ಅಂತ ಇಂಗ್ಲಿಷಿನವರು ಅದನ್ನ ಹೊರಗೆ ಹಾಕಿದ್ದಾರಾ? ಬೇರು ಹುಡುಕಿ ಗಡೀಪಾರು ಮಾಡೋದು ನುಡಿಯ ಕೆಲಸ ಅಲ್ಲ, ಪೊಲೀಸರ ಕೆಲಸ.

“ಹಾಗಾದರೆ ತಪ್ಪು ಅನ್ನೋದೇ ಇಲ್ವಾ?” ಅಂತ ಕೇಳ್ತೀರಿ. ಇದೆ. ಅಕಾರ ಹಕಾರ ಅದಲುಬದಲು ಮಾಡಿ ಬರೆದರೆ ತಪ್ಪು. ಓದುವವರಿಗೆ ಯಾರಿಗೂ ತಿಳಿಯದ ಅರ್ಥದಲ್ಲಿ ಪದ ಬಳಸಿದರೆ ತಪ್ಪು. ಅಂದರೆ, ‘ಅವಸರ’ವನ್ನ ‘ಅವಕಾಶ’ದ ಅರ್ಥದಲ್ಲಿ ಇವತ್ತು ಬೆಂಗಳೂರಿನಲ್ಲಿ ಬಳಸಿದರೆ ಅದು ತಪ್ಪು, ಬಳಸಿದವರ ಕೈಯಲ್ಲಿ ಎಷ್ಟು ದೊಡ್ಡ ಸಂಸ್ಕೃತ ನಿಘಂಟು ಇದ್ದರೂ. ತಿದ್ದೋಕೆ ಹೊರಟ ಹಿರಿಯರೇ ಅಲ್ಲಿ ತಪ್ಪು ಮಾಡ್ತಿರೋದು.

ಹಾಗಂತ ಬೇರು ಹುಡುಕಬೇಡಿ ಅಂತ ನಾನು ಹೇಳ್ತಿಲ್ಲ. ಬೇರು ಹುಡುಕೋದಕ್ಕಿಂತ ದೊಡ್ಡ ಖುಷಿ ನನಗೆ ಇನ್ನೊಂದಿಲ್ಲ. ಬೇರು ಅರ್ಥವನ್ನ ಹೇಳೋಲ್ಲ, ಕಥೆಯನ್ನ ಹೇಳುತ್ತೆ: ಹೆಣ್ಣಿಗೆ ಬೆಲೆ ಕಟ್ಟಿದ್ದು, ವಿಷದ ಹೆಸರು ಹೇಳೋಕೆ ಹೆದರಿದ್ದು, ವರ್ತಕರ ಜೊತೆ ಪದಗಳು ಊರೂರು ತಿರುಗಿದ್ದು. ಆದರೆ ಕಥೆಯನ್ನ ಹುಡುಕೋಕೆ ತಾಳ್ಮೆ ಬೇಕು. ಗ್ರಿಮ್ ಸೋದರರು ಜರ್ಮನ್ ನಿಘಂಟಿನ ಕೆಲಸ ಶುರು ಮಾಡಿದ್ದು 1838ರಲ್ಲಿ, ಮೊದಲ ಸಂಪುಟ ಬಂದದ್ದು 1854ರಲ್ಲಿ. ತಮ್ಮ ವಿಲ್ಹೆಲ್ಮ್ 1859ರಲ್ಲಿ ತೀರಿಕೊಂಡ. ಅಣ್ಣ ಯಾಕೊಬ್ 1863ರಲ್ಲಿ ತೀರಿಕೊಂಡಾಗ ‘ಫ್ರುಖ್ಟ್’, ಅಂದರೆ ಹಣ್ಣು, ಅನ್ನೋ ಪದದ ಹತ್ತಿರ ಇದ್ದ. ಎಫ್ ಮುಗಿದಿರಲಿಲ್ಲ, ಗಿಫ್ಟ್ ಇರುವ ಜಿ ಇನ್ನೂ ದೂರ. ನಿಘಂಟು ಮುಗಿದದ್ದು 1961ರಲ್ಲಿ. ಅದೇ ವರ್ಷ ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ಕೋಶದ ಮೊದಲ ಆವೃತ್ತಿ ಬಂತು. ಒಂದು ಪದದ ಮೂಲ ಬರೆಯೋಕೆ ತಲೆಮಾರುಗಳು ಸವೆದಿವೆ, ನಾವು ಕಾಫಿ ಆರೋದರೊಳಗೆ ಬರೆದುಬಿಡ್ತೀವಿ.

ಅದಕ್ಕೇ ಬ್ಲಾಗಿಗ ಮಿತ್ರರಲ್ಲಿ ನನ್ನ ಬೇಡಿಕೆ ಚಿಕ್ಕದು. ಇನ್ನು ಮುಂದೆ “ಈ ಪದ ಆ ಪದದಿಂದ ಬಂತು” ಅಂತ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಆ ಪದ ಹಿಂದೆ ಹೇಗಿತ್ತು? ಎರಡು, ಇಲ್ಲಿಂದ ಅಲ್ಲಿಗೆ ಯಾರು, ಯಾವ ದಾರಿಯಲ್ಲಿ ಒಯ್ದರು? ಮೂರು, ಅದೇ ಬದಲಾವಣೆ ಬೇರೆ ಪದಗಳಲ್ಲೂ ಸಾಲಾಗಿ ಆಗಿದೆಯಾ? 1894ರ ಕಿಟೆಲ್ ನಿಘಂಟು ಅಂತರ್ಜಾಲದಲ್ಲೇ ಸಿಗುತ್ತೆ. ಬರೋ-ಎಮೆನೋ ಕೋಶ ಚಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿದೆ, ದುಡ್ಡು ಕೊಡಬೇಕಿಲ್ಲ. ಮೂರಕ್ಕೂ ಉತ್ತರ ಸಿಗದಿದ್ದರೆ “ಕೇಳೋಕೆ ಒಂದೇ ಥರ ಇದೆ, ತಮಾಷೆಯಾಗಿದೆ” ಅಂತ ಬರೆಯಿರಿ. ತಮಾಷೆಗೆ ಯಾರೂ ಬೇಡ ಅನ್ನೋಲ್ಲ.

ಇನ್ನು ಹೊಸಬರ ಬರಹದ ಕೆಳಗೆ ‘ಮೂಲಾರ್ಥ’ದ ಕಾಮೆಂಟ್ ಹಾಕೋ ಮೊದಲು ನಾಲ್ಕನೆಯದೂ ಒಂದಿದೆ: ಅವರು ಬರೆದದ್ದು ನಿಮಗೆ ಅರ್ಥ ಆಯ್ತಾ? ಆಗಿದ್ದರೆ ಆ ಪದ ತನ್ನ ಕೆಲಸ ಮಾಡಿದೆ. ನೀವು ಬರಹದ ಬಗ್ಗೆ ಮಾತಾಡಿ.

ಒಪ್ಪದವರು ಬನ್ನಿ, ಕೆಳಗೆ ಜಾಗ ಇದೆ, ಜಗಳ ಆಡೋಣ. ಆದರೆ ಅವಸರ ಮಾಡಬೇಡಿ. ಕನ್ನಡದ ಅರ್ಥದಲ್ಲಿ :)